ಕ್ಯಾಡಿ ಬೆಟ್ಟಯ್ಯನ ಹದಿನೆಂಟು ಕುಳಿ

"ನಿನ್ನ ನೆರಳು ಚೆಂಡಿನ ಮೇಲೆ ಬೀಳ್ತಾ ಇದೆ, ಆಚೆ ಸಾಯೋ ಬೋಳಿಮಗನೆ!"

ಗುರುಮೂರ್ತಿ ಕೈಯಲ್ಲಿದ್ದ ಗಾಲ್ಫ್ ಕೋಲಿನಿಂದ ಬೆಟ್ಟಯ್ಯನ ಮೊಣಕಾಲಿಗೆ ತಟ್ಟಿದ. ಬೆಟ್ಟಯ್ಯ ಕೋಲುಗಳ ಚೀಲದ ಸಮೇತ ಎರಡು ಹೆಜ್ಜೆ ಹಿಂದೆ ಸರಿದ.

"ಎಡಕ್ಕೆ ಒಂದ್ ಗೇಣು ಬುಟ್ಟು ಹೊಡೀರಿ ಬುದ್ದಿ. ಇಲ್ಲಿ ಹುಲ್ಲು ಕಣಿವೆ ಕಡೀಕೆ ಮಲಗ್ಯದೆ."

ಗುರುಮೂರ್ತಿ ಹಾಗೇ ಹೊಡೆದ. ಚೆಂಡು ಬಾಗಿ ಉರುಳುತ್ತಾ ಹೋಗಿ ಕುಳಿಯೊಳಗೆ ಬಿತ್ತು. ಜೊತೆಯವರು ಚಪ್ಪಾಳೆ ತಟ್ಟಿದರು.

ಗುರುಮೂರ್ತಿ ಮೈಸೂರು ಕಡೆಯಿಂದ ಬಂದು, ಊಟಿಯಲ್ಲಿ ತರಕಾರಿ ಮಂಡಿ ಇಟ್ಟು ದೊಡ್ಡವನಾದವನು. ಈಗ ಗಾಲ್ಫ್ ಕ್ಲಬ್ಬಿನ ಕ್ಯಾಪ್ಟನ್. ಬೆಟ್ಟಯ್ಯನ ಅಪ್ಪನೂ ಅದೇ ಕಡೆಯಿಂದ ಬಂದಿದ್ದ, ಆ ಮಂಡಿಯಲ್ಲಿ ಮೂಟೆ ಹೊರಲು. ಮಗ ಹತ್ತೊಂಬತ್ತು ವರ್ಷದಿಂದ ಕ್ಯಾಪ್ಟನ್ನನ ಚೀಲ ಹೊರುವ ಕ್ಯಾಡಿ. ಸೋಮವಾರ ಕ್ಲಬ್ಬಿಗೆ ರಜ, ಅವತ್ತು ಕ್ಯಾಡಿಗಳು ಆಡಬಹುದಿತ್ತು. ಪೊದೆಯಲ್ಲಿ ಸಿಕ್ಕ ಚೆಂಡು, ಮೆಂಬರುಗಳು ಮುರಿದು ಬಿಸಾಡಿದ ಕೋಲು, ಅಷ್ಟರಲ್ಲೇ ಬೆಟ್ಟಯ್ಯ ಯಾವ ಮೆಂಬರೂ ಮುಗಿಸದಷ್ಟು ಕಡಿಮೆ ಏಟಿನಲ್ಲಿ ಹದಿನೆಂಟು ಕುಳಿ ಮುಗಿಸುತ್ತಿದ್ದ.

೧೯೯೭ರ ಮೇ ತಿಂಗಳ ಕಪ್ಪಿಗೆ ಕ್ಯಾಡಿಗಳೂ ಸೇರಬಹುದೆಂದು ನೋಟಿಸ್ ಬಿತ್ತು. ಗೆದ್ದವನಿಗೆ ಒಂದು ಟೀ ಕಂಪನಿ ಕಾಯಂ ಕೆಲಸ, ಇರಲು ಮನೆ ಕೊಡುತ್ತದಂತೆ. ಅದೇ ಕ್ಲಬ್ಬಿನಲ್ಲಿ ದಿನಗೂಲಿಗೆ ಹೋಗುವ ಬೆಟ್ಟಯ್ಯನ ಹೆಂಡತಿ ಸಿದ್ದಾಜಮ್ಮ ಆ ನೋಟಿಸನ್ನು ಮೂರು ಜನರಿಂದ ಓದಿಸಿಕೊಂಡಳು.

ಕಪ್ಪಿಗೆ ಆರು ದಿನ ಇದ್ದಾಗ ಗುರುಮೂರ್ತಿ ಕರೆಸಿದ. ಬೆಟ್ಟಯ್ಯ ಕ್ಲಬ್ಬಿನ ಮೆಟ್ಟಿಲ ಕೆಳಗೆ ನಿಂತ. ಮೇಲೆ ಕುರ್ಚಿಯಲ್ಲಿ ಗುರುಮೂರ್ತಿಯ ಮಗ ನಂಜುಂಡೇಶ ಕಾಫಿ ಕುಡಿಯುತ್ತಿದ್ದ. ಅವನೂ ಕಪ್ಪಿಗೆ ಆಡುವವನೇ. ಅವನಿಗೆ ಆಟ ಕಲಿಸಿದ್ದು ಬೆಟ್ಟಯ್ಯ.

"ಇನ್ನೆಷ್ಟು ದಿವಸ ಚೀಲ ಹೊರ್ತೀಯೋ ಬೆಟ್ಟಾ? ನಿನ್ನ ಪ್ರೊಫೆಷನಲ್ ಮಾಡ್ತಿದ್ದೀನಿ. ದೊಡ್ಡ ಆಟಗಾರ! ಟೀವೀಲಿ ಬರ್ತೀಯ. ಇಲ್ಲಿ ಸೈನ್ ಹಾಕು."

ಕಾಗದ ಇಂಗ್ಲಿಷಿನಲ್ಲಿತ್ತು.

"ಕಪ್ಪಿಗಾ ಬುದ್ದಿ ಇದು?"

"ಕಪ್ಪಿಗೇ ಕಣೋ."

ಗುರುಮೂರ್ತಿ ಕೆಳಗಿಳಿದು ಬಂದು ಅವನ ಹೆಗಲ ಮೇಲೆ ಕೈ ಇಟ್ಟ. ಬೆಟ್ಟಯ್ಯ ಸೈನ್ ಹಾಕಿದ. ಮನೆಗೆ ಹೋದವನು ಹೆಂಡತಿಗೆ ಮೊದಲು ಹೇಳಿದ್ದು ಕಾಗದದ ವಿಷಯವನ್ನಲ್ಲ. "ಬುದ್ದಿಯೋರು ನನ್ನ ಮುಟ್ಟುದ್ರು ಕಣಮ್ಮಿ" ಅಂದ.

ಕಪ್ಪಿನ ದಿನ ಒಗೆದ ಷರಟು ತೊಟ್ಟು ಹೋದ. ಹೆಸರು ಕೂಗುವ ಗುಮಾಸ್ತ ರಂಗನಾಥನ್ ಪಟ್ಟಿಯಿಂದ ತಲೆ ಎತ್ತಲಿಲ್ಲ.

"ನಿನ್ನ ಹೆಸರು ಹೊಡೆದು ಹಾಕಿದ್ದಾರಪ್ಪಾ. ಇದು ಅಮೆಚೂರ್ ಕಪ್ಪು, ಹವ್ಯಾಸಕ್ಕೆ ಆಡೋರಿಗೆ. ಪ್ರೊಫೆಷನಲ್ ಆದವರು, ಅಂದ್ರೆ ದುಡ್ಡಿಗೆ ಆಡೋರು, ಆಡೋ ಹಾಗಿಲ್ಲ. ನೀನೇ ಬರ್ಕೊಟ್ಟಿದ್ದೀಯಲ್ಲ?"

ಬೆಟ್ಟಯ್ಯ ಪಕ್ಕದಲ್ಲೇ ನಿಂತಿದ್ದ ಗುರುಮೂರ್ತಿಯ ಕಡೆ ತಿರುಗಿದ.

"ನಂಗೆ ಇಂಗ್ಲಿಷ್ ಓದಕ್ಕೆ ಬರಾಕಿಲ್ಲ ಅಂತ ನಿಮಗೆ ಗೊತ್ತಿತ್ತು ಬುದ್ದಿ."

"ನಿಮ್ಮಂಥೋರನ್ನ ಮೇಲಕ್ಕೆತ್ತಿದ್ದೇ ನನ್ನ ತಪ್ಪು. ಬಾಯಿ ಮುಚ್ಕೊಂಡು ನಂಜುಂಡೇಶನ ಚೀಲ ಹೊರು."

ನಂಜುಂಡೇಶ ತನ್ನ ಚೀಲವನ್ನು ಬೆಟ್ಟಯ್ಯನ ಕಾಲ ಬಳಿ ಕೆಡವಿದ. ಬೆಟ್ಟಯ್ಯ ಅದನ್ನು ಹೆಗಲಿಗೇರಿಸಿಕೊಂಡ. ಹತ್ತು ಹೆಜ್ಜೆ ನಡೆದು, ಮೊದಲ ಏಟು ಹೊಡೆಯುವ ಜಾಗದಲ್ಲಿ ಇಳಿಸಿ, ಅದರಿಂದ ಉದ್ದನೆಯ ಕೋಲು ಎಳೆದ. ಚೆಂಡು ಇಟ್ಟ. ಹೊಡೆದ.

ಕಣಿವೆ ದಾಟಿ ಚೆಂಡು ಹೋದ ದೂರಕ್ಕೆ ಮೆಂಬರುಗಳು ಹಣೆಗೆ ಕೈ ಅಡ್ಡ ಹಿಡಿದರು.

"ಅದು ನನ್ನ ಸೆಟ್ಟು!" ನಂಜುಂಡೇಶ ಕಿರುಚಿದ.

"ಹಿಡೀರೋ ಆ ಸೂಳೆಮಗನ್ನ!" ಗುರುಮೂರ್ತಿ ಕೂಗಿದ.

ಭೋಜನ್ ಎಂಬ ಕ್ಯಾಡಿ ತಾನು ಹೊತ್ತಿದ್ದ ಚೀಲವನ್ನು ಹುಲ್ಲಿನ ಮೇಲೆ ಇಳಿಸಿದ. ಪಕ್ಕದವನೂ ಇಳಿಸಿದ. ಆಮೇಲೆ ಸಾಲಾಗಿ ಎಲ್ಲರೂ ಇಳಿಸಿದರು. ಇಪ್ಪತ್ತು ಕ್ಯಾಡಿಗಳು ಕೈ ಬೀಸಿಕೊಂಡು ಬೆಟ್ಟಯ್ಯನ ಹಿಂದೆ ನಡೆದರು. ಆರು ದಿನದ ಹಿಂದೆ ಪ್ರೊಫೆಷನಲ್ ಆದವನ ಮೊದಲ ಆಟ ಅದು. ಏಟಿನ ಲೆಕ್ಕ ಯಾರೂ ಬರೆದುಕೊಳ್ಳಲಿಲ್ಲ. ಭೋಜನ್ ಮಾತ್ರ ಬೆರಳು ಮಡಿಸುತ್ತಾ ಬಂದ.

ಕೊನೆಯ ಕುಳಿಗೆ ಬರುವಷ್ಟರಲ್ಲಿ ಕ್ಲಬ್ಬಿನ ಮುಂದೆ ಪೊಲೀಸ್ ಜೀಪು ನಿಂತಿತ್ತು. ಚೆಂಡು ಕುಳಿಗೆ ಎರಡು ಮೊಳ ದೂರದಲ್ಲಿತ್ತು.

"ಇದೊಂದು ಹಾಕ್ಬುಟ್ರೆ ಅರವತ್ತೇಳು ಏಟು ಅಣ್ಣಾ. ಇಷ್ಟು ಕಮ್ಮೀಲಿ ಇಲ್ಲಿ ಯಾವನೂ ಆಡಿಲ್ಲ" ಅಂದ ಭೋಜನ್.

ಗುರುಮೂರ್ತಿ ದಾಪುಗಾಲು ಹಾಕಿ ಬಂದು ಕುಳಿಯ ಮೇಲೆ ಶೂ ಇಟ್ಟು ನಿಂತ.

"ಈಗ ಹೊಡಿಯೋ, ಕೀಳ್ ಜಾತಿ ನನ್ಮಗನೆ."

ಬೆಟ್ಟಯ್ಯ ಚೆಂಡಿನ ಮುಂದೆ ಬಗ್ಗಿ ನಿಂತೇ ಇದ್ದ. ಕಣ್ಣು ತುಂಬಿ ಚೆಂಡು ಎರಡಾಗಿ ಕಾಣುತ್ತಿತ್ತು. ಇಬ್ಬರು ಪೊಲೀಸರು ಜೀಪಿನಿಂದ ಇಳಿದರು.

ಹುಲ್ಲಿನಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಕಳೆ ಕೀಳುತ್ತಿದ್ದ ಹೆಂಗಸರಲ್ಲಿ ಸಿದ್ದಾಜಮ್ಮ ಎದ್ದಳು. ಯಾರನ್ನೂ ನೋಡದೆ ಸೀದಾ ಬಂದು ಗುರುಮೂರ್ತಿಯ ಕಾಲ ಬಳಿ ಕೂತಳು. ಕೈಯಲ್ಲಿದ್ದ ಕಳೆ ಕೀಳುವ ಚೂರಿಯ ತುದಿಯನ್ನು ಶೂವಿನ ಅಂಚಿಗೆ ಮಣ್ಣಿನೊಳಕ್ಕೆ ಇಳಿಸಿ, ಸುತ್ತಲೂ ಮಣ್ಣು ಬಿಡಿಸತೊಡಗಿದಳು.

"ಕಾಲ್ ತಗೀ ಗುರುಮೂರ್ತಿ," ಅಂದಳು. "ಕಳೆ ಕೀಳ್ತಾ ಇವ್ನಿ."