ಏಲಿಯಮ್ಮ ಸಿಸ್ಟರ್ ಕನ್ನಡ ಕಲಿತದ್ದು

ನಾನು ಒಂದು ಕೊಳವೆ. ಗೇಣುದ್ದದ ಅಲ್ಯೂಮಿನಿಯಂ ಕೊಳವೆ. ನನ್ನ ಒಂದು ತುದಿ ಅಗಲ, ಇನ್ನೊಂದು ಬಿಲ್ಲೆಯಂತೆ ಚಪ್ಪಟೆ. ಅಗಲ ತುದಿಯನ್ನು ಬಸುರಿಯ ಹೊಟ್ಟೆಯ ಮೇಲಿಟ್ಟು ಚಪ್ಪಟೆ ತುದಿಗೆ ಕಿವಿ ಕೊಟ್ಟರೆ ಒಳಗಿನ ಕೂಸಿನ ಎದೆಬಡಿತ ಕೇಳುತ್ತದೆ. ಆಸ್ಪತ್ರೆಯ ಕಾಗದಪತ್ರದಲ್ಲಿ ನನಗೊಂದು ಉದ್ದನೆಯ ಇಂಗ್ಲಿಷ್ ಹೆಸರಿದೆ. ಆಯಾ ಹುಲಿಗೆವ್ವ ಅದರ ತಂಟೆಗೇ ಹೋಗದೆ ತುತೂರಿ ಎಂದು ಕರೆದಳು, ಅದೇ ನಿಂತಿತು.

ಉತ್ತರದ ಯಾವುದೋ ಕಾರ್ಖಾನೆಯ ಲೇತ್ ಮೇಲೆ ತಿರುಗಿ ತಿರುಗಿ ಹುಟ್ಟಿದೆ. ನೋವಾಯಿತೇ ಎಂದು ಕೇಳಬೇಡಿ, ಲೋಹಕ್ಕೆ ನೋವಿಲ್ಲ. ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಮಲಗಿ, ಕೃಷ್ಣಾ ನದಿಯ ದಂಡೆಯ ಒಂದು ಊರಿನ ಸಣ್ಣ ಹೆರಿಗೆ ಆಸ್ಪತ್ರೆಗೆ ಬಂದೆ.

ಮೊದಲು ನನ್ನನ್ನು ಹಿಡಿದವಳು ಕೇರಳದ ಮೇರಿಕ್ಕುಟ್ಟಿ ಸಿಸ್ಟರ್. ಬಂದ ವಾರವೇ ಊರೊಳಗೆ ಬಾಡಿಗೆ ಮನೆ ಹಿಡಿದಳು. ನಲ್ಲಿಯ ಸಾಲಿನಲ್ಲಿ ಕೊಡ ಇಟ್ಟು ಬಾಯಿಗೆ ಬಂದಂತೆ ಕನ್ನಡ ಒದರಿದಳು. ಹೆಂಗಸರು ಬಿದ್ದು ಬಿದ್ದು ನಕ್ಕರೆ ತಾನೂ ನಕ್ಕಳು. ಆರು ತಿಂಗಳಲ್ಲಿ ನೀರಿಗಾಗಿ ಜಗಳ ತೆಗೆಯುವಷ್ಟು ಕನ್ನಡ ಬಂತು. ಜಗಳ ಆಡಲು ಬಂದರೆ ಭಾಷೆ ಬಂದ ಹಾಗೆಯೇ. ಅವಳ ಜೊತೆಗಿದ್ದು ಹುಲಿಗೆವ್ವನಿಗೂ ಮಲಯಾಳ ಅರ್ಧಂಬರ್ಧ ಅರ್ಥವಾಗತೊಡಗಿತು. ಒಂಬತ್ತು ವರ್ಷ ದುಡಿದು ಮೇರಿಕ್ಕುಟ್ಟಿ ತನ್ನೂರಿಗೆ ಹೋದಳು. ನಾನು ಏಲಿಯಮ್ಮನ ಕೈಗೆ ಬಂದೆ.

ಏಲಿಯಮ್ಮನೂ ಕೇರಳದವಳೇ, ವಯಸ್ಸು ಮೂವತ್ತನಾಲ್ಕು. ಊರಿನವರ ಬಾಯಲ್ಲಿ ಅವಳು ತಿಂಗಳೊಳಗೆ ಎಲ್ಲಮ್ಮ ಆದಳು. ಅವಳ ಹೆಸರು ಕನ್ನಡ ಕಲಿತಷ್ಟು ಬೇಗ ಅವಳು ಕಲಿಯಲಿಲ್ಲ. ಮೊದಲ ವಾರ ವಾರ್ಡಿನಲ್ಲಿ ಏನೋ ಹೇಳಲು ಹೋದಳು, ಹನ್ನೆರಡು ಮಂಚಗಳೂ ನಕ್ಕವು. ಬಾಣಂತಿಯೊಬ್ಬಳು ಅವಳ ಹಾಗೆಯೇ ಮಾತಾಡಿ ತೋರಿಸಿದಳು. ಏಲಿಯಮ್ಮ ಅಂದೇ ಬಾಯಿಗೆ ಬೀಗ ಹಾಕಿಕೊಂಡಳು. ಕ್ವಾರ್ಟರ್ಸಿನಲ್ಲಿ ಜೊತೆಗಿದ್ದವರು ಇಬ್ಬರೂ ಮಲಯಾಳಿಗಳು. ವಾರ್ಡಿನಲ್ಲಿ ಪಕ್ಕಕ್ಕೆ ಹುಲಿಗೆವ್ವ ಇದ್ದಳು. ಏಲಿಯಮ್ಮ ಹೇಳಿದ್ದನ್ನು ಬಸುರಿಯರಿಗೆ, ಅವರು ಹೇಳಿದ್ದನ್ನು ಏಲಿಯಮ್ಮನಿಗೆ ಮುಟ್ಟಿಸುತ್ತಿದ್ದಳು. ಊರುಗೋಲು ಗಟ್ಟಿಯಿದ್ದರೆ ಕಾಲು ಯಾಕೆ ಕಷ್ಟಪಡುತ್ತದೆ? ನಾಲ್ಕು ವರ್ಷವಾದರೂ ಏಲಿಯಮ್ಮನ ಬಾಯಲ್ಲಿದ್ದ ಕನ್ನಡ ಆರೇ ಮಾತು: ಬರ್ರಿ, ಮಲ್ಕೋರಿ, ಕಾಲ ಮಡಚ್ರಿ, ಉಸರ ಬಿಡ್ರಿ, ಹೆದರಬ್ಯಾಡ್ರಿ, ಹೋಗ್ರಿ.

ಆ ವರ್ಷದ ಎಳ್ಳಮಾವಾಸ್ಯೆಯ ದಿನ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿತ್ತು. ಬುತ್ತಿಯ ಒಂದು ಪಾಲನ್ನು ಹೊಲಕ್ಕೆ ಎರಚಿ ಭೂತಾಯಿಗೆ ಚರಗ ಚೆಲ್ಲಲು ಹುಲಿಗೆವ್ವನೂ ಹೋಗಿದ್ದಳು. ಡಾಕ್ಟರು ಮೀಟಿಂಗೆಂದು ಜಿಲ್ಲಾಕೇಂದ್ರಕ್ಕೆ ಹೋಗಿದ್ದರು. ಮಧ್ಯಾಹ್ನ ರೇಣವ್ವ ಎಂಬ ಎಂಟು ತಿಂಗಳ ಬಸುರಿ, ತಾಯಿಯ ಜೊತೆ ಹೊಲದಿಂದ ನೇರ ನಡೆದು ಬಂದಳು.

"ನಿನ್ನೆಯಿಂದ ಹೊಟ್ಟ್ಯಾಗ ಕೂಸು ಆಡವಲ್ದು, ಅಕ್ಕಾರ. ಯಾಕ್ರಿ?"

ಏಲಿಯಮ್ಮ ನನ್ನನ್ನು ಹೊಟ್ಟೆಯ ಎಡಕ್ಕಿಟ್ಟಳು. ಬಲಕ್ಕಿಟ್ಟಳು. ಕೆಳಗಿಟ್ಟಳು. ಮತ್ತೆ ಎಡಕ್ಕಿಟ್ಟಳು. ತಾಯಿಯ ನಾಡಿ ಕೇಳುತ್ತಿತ್ತು. ಕೂಸಿನದು ಕೇಳಲಿಲ್ಲ. ನನ್ನ ಚಪ್ಪಟೆ ತುದಿಗೆ ಒತ್ತಿದ್ದ ಅವಳ ಕಿವಿ ತಣ್ಣಗಾಯಿತು.

"ಏನಾಗೇತ್ರಿ?" ಎಂದಳು ರೇಣವ್ವ.

ಏಲಿಯಮ್ಮ ತಲೆಯೆತ್ತಿದಳು. ಹೇಳಬೇಕಾದದ್ದಕ್ಕೆ ಅವಳ ಬಳಿ ಮಾತಿರಲಿಲ್ಲ. ಇದ್ದ ಆರರಲ್ಲಿ ಒಂದನ್ನು ತೆಗೆದಳು.

"ಹೆದರಬ್ಯಾಡ್ರಿ."

ರೇಣವ್ವನ ಮುಖ ಅರಳಿತು. ತಾಯಿ ಬುತ್ತಿ ಬಿಚ್ಚಿದಳು. ಇಬ್ಬರೂ ಸಜ್ಜೆ ರೊಟ್ಟಿ, ಪುಂಡಿಪಲ್ಯ ತಿಂದರು. ಸಿಸ್ಟರಿಗೂ ಒಂದು ರೊಟ್ಟಿ ಕೊಟ್ಟರು. ಏಲಿಯಮ್ಮ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದಳು.

ಸಂಜೆ ಹುಲಿಗೆವ್ವ ಬಂದಾಗ ಏಲಿಯಮ್ಮ ಮಲಯಾಳದಲ್ಲಿ ಹೇಳಿದಳು, ಹುಲಿಗೆವ್ವ ಕನ್ನಡದಲ್ಲಿ ಹೇಳಿದಳು. ರೇಣವ್ವ ಆಗ ಅಳಲಿಲ್ಲ. ಏಲಿಯಮ್ಮನ ಕಡೆ ತಿರುಗಿದಳು.

"ಹೆದರಬ್ಯಾಡ್ರಿ ಅಂದಿದ್ರೆಲ್ರಿ, ಅಕ್ಕಾರ" ಎಂದಳು, ಅಷ್ಟೇ.

ಕೂಸು ಆಸ್ಪತ್ರೆಗೆ ಬರುವ ಮೊದಲೇ ಹೋಗಿತ್ತು, ಮೊದಲೇ ಹೇಳಿದ್ದರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಸಮಾಧಾನ ಹೇಳಿದರು. ಏಲಿಯಮ್ಮನಿಗೆ ಅದು ಗೊತ್ತಿತ್ತು. ಅವಳು ಆ ರೊಟ್ಟಿಯ ಬಗ್ಗೆ ಯೋಚಿಸುತ್ತಿದ್ದಳು.

ಮುಂದಿನ ತಿಂಗಳು ಕ್ವಾರ್ಟರ್ಸು ಬಿಟ್ಟು ಹುಲಿಗೆವ್ವನ ಓಣಿಯಲ್ಲಿ ಕೋಣೆ ಹಿಡಿದಳು. ಇನ್ನು ತನ್ನ ಜೊತೆ ಮಲಯಾಳ ಆಡಬೇಡ ಎಂದು ಅವಳಿಗೆ ಕೈಮುಗಿದಳು. ಕೂಸು ಹೋಗಿದೆ ಎಂಬುದನ್ನು ತಾಯಿಗೆ ಹೇಗೆ ಹೇಳಬೇಕು, ಅದನ್ನು ಮೊದಲು ಕಲಿಸು ಎಂದು ಕೇಳಿದಳು.

"ಬಿಡ್ತು ಅನ್ರಿ" ಎಂದಳು ಹುಲಿಗೆವ್ವ. "ಅಂಥಾ ಮಾತು ಬಾಯಾಗ ಆಡಬಾರದ್ರಿ. ಕಲಸೂದಂತೂ ದೂರ ಉಳೀತು."

ಏಲಿಯಮ್ಮ ಬಿಡ್ತು ಎಂದಳು. ಮರುದಿನ ಮತ್ತೆ ಕೇಳಿದಳು. ಕೇಳಿ ಕೇಳಿ ಸಾಕಾಗಿ ಹುಲಿಗೆವ್ವ ಅವಳನ್ನು ಸತ್ತವರ ಮನೆಗೆ ಕರೆದೊಯ್ದಳು. ಆ ಕಡೆ ಹೆಂಗಸರು ಹೆಣದ ಮುಂದೆ ಕೂತು, ಸತ್ತವರ ಗುಣ ಒಂದೊಂದಾಗಿ ಹಾಡಿಕೊಂಡು ಅಳುತ್ತಾರೆ. ಏಲಿಯಮ್ಮ ಗೋಡೆಗೊರಗಿ ಕೂತು ಕೇಳಿದಳು. ಆಮೇಲೆ ಊರಲ್ಲಿ ಯಾರು ಸತ್ತರೂ ಹೋದಳು. ಡ್ಯೂಟಿ ಮುಗಿಸಿ ನೇರ ಹೋಗುತ್ತಿದ್ದುದರಿಂದ ಏಪ್ರನ್ನಿನ ಜೇಬಿನಲ್ಲಿ ನಾನೂ ಹೋದೆ. ಮೆಲ್ಲಗೆ ಪಕ್ಕದವರಿಗೆ ಒಂದು ಮಾತು ಆಡಿದಳು, ಇನ್ನೊಂದು ದಿನ ಎರಡು. ಲಿಂಗ ತಪ್ಪಿತು, ವಚನ ತಪ್ಪಿತು. ಯಾರೂ ನಗಲಿಲ್ಲ. ಸಾವಿನ ಮನೆಯಲ್ಲಿ ಯಾರೂ ನಗುವುದಿಲ್ಲ. ನಲ್ಲಿಯ ಹತ್ತಿರ ಬಾರದ ಕನ್ನಡ ಅವಳಿಗೆ ಅಲ್ಲಿ ಬಂತು.

ಮೂರು ವರ್ಷದ ಮೇಲೆ ರೇಣವ್ವ ಮತ್ತೆ ಬಸುರಿಯಾಗಿ ಬಂದಳು. ಅದೇ ತಾಯಿ ಜೊತೆಗಿದ್ದಳು. ಏಲಿಯಮ್ಮ ನನ್ನನ್ನು ಇಟ್ಟಳು. ಬಡಿತ ಇತ್ತು, ಓಡುವ ಕುದುರೆಯ ಹಾಗೆ ಇತ್ತು.

"ಕೂಸು ಗಟ್ಟಿ ಐತಿ, ರೇಣವ್ವ. ಎದಿ ಚಲೋ ಬಡ್ಕೋತೈತಿ. ಹಿಂದಿನ ಸಲ ನನಗ ಮಾತ ಬರ್ತಿರಲಿಲ್ಲ. ಇವತ್ತ ಖರೇನ ಹೇಳಾಕತ್ತೀನಿ."

ಒಂದು ತಪ್ಪಿಲ್ಲ. ಮೂರು ವರ್ಷ ಅವಳು ಕಾದದ್ದು ಇದಕ್ಕೇ.

ರೇಣವ್ವ ಸೂರು ನೋಡುತ್ತಾ ಮಲಗಿದ್ದಳು. "ನಿಮ್ಮ ಮಾತ ಈಗ ಭಾಳ ಚಲೋ ಆಗೇತ್ರಿ, ಅಕ್ಕಾರ" ಎಂದಳು. "ಆದ್ರ ನಮ್ಮವ್ವ ಒಮ್ಮೆ ಕೇಳ್ಲಿ."

ನಾನು ಗೇಣುದ್ದದ ಕೊಳವೆ. ಯಾವ ಬಸುರಿಯ ಕಿವಿಯೂ ತನ್ನ ಹೊಟ್ಟೆಯ ಮೇಲಿನ ನನ್ನನ್ನು ಮುಟ್ಟುವುದಿಲ್ಲ. ಅವಳು ಬೇರೆ ಯಾರನ್ನಾದರೂ ನಂಬಲೇಬೇಕು. ಮುದುಕಿ ಬಗ್ಗಿ ನನಗೆ ಕಿವಿ ಇಟ್ಟಳು. ಬಹಳ ಹೊತ್ತು ಕೇಳಿ "ಐತಿ" ಎಂದಳು. ರೇಣವ್ವ ಆಗ ಅತ್ತಳು. ಏಲಿಯಮ್ಮ ಮಂಚದ ಪಕ್ಕ ನಿಂತಿದ್ದಳು. ಅವಳಿಗೆ ದುಃಖವೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಮುಂದಿನವರನ್ನು ಕರೆದಳು.

ಈಗ ವಾರ್ಡಿಗೆ ಮೆಷಿನ್ನು ಬಂದಿದೆ. ಹೊಟ್ಟೆಗೆ ತಾಗಿಸಿದರೆ ಬಡಿತ ಕೋಣೆಗೆಲ್ಲ ಕೇಳುತ್ತದೆ, ತಾಯಿಗೂ ಕೇಳುತ್ತದೆ. ಯಾರೂ ಯಾರ ಮಾತನ್ನೂ ನಂಬಬೇಕಾಗಿಲ್ಲ. ನಾನು ಹತ್ತಿಯ ಜೊತೆ ಮೇಜಿನ ಡ್ರಾಯರಿನಲ್ಲಿದ್ದೇನೆ. ಇಲ್ಲಿಂದಲೂ ಕೇಳುತ್ತದೆ.

ಮೊನ್ನೆ ಏಲಿಯಮ್ಮ ಹುಲಿಗೆವ್ವನಿಗೆ ಹೇಳುತ್ತಿದ್ದಳು. ಈಗೀಗ ಅವಳಿಗೆ ಕನಸು ಬೀಳುವುದೂ ಕನ್ನಡದಲ್ಲೇ ಅಂತೆ. ಮಂಚದ ಮೇಲೆ ರೇಣವ್ವ ಮಲಗಿ ಏನಾಗೇತ್ರಿ ಎಂದು ಕೇಳುತ್ತಾಳಂತೆ. ಏಲಿಯಮ್ಮ ಎಲ್ಲವನ್ನೂ ಬಿಡಿಸಿ, ತಡವರಿಸದೆ ಹೇಳುತ್ತಾಳಂತೆ. ಹೇಳಿ ಮುಗಿಸುವ ಹೊತ್ತಿಗೆ ಮಂಚ ಖಾಲಿ ಇರುತ್ತದಂತೆ.