ಮೆಟ್ಟಿಲ ಚಾನೆಲ್

ಹೆಗಲಿಗೆ ಶಾಲು ಬಿದ್ದ ಮೇಲೂ ಶ್ರೀಪ್ರಿಯಾಳಿಗೆ ಈ ಸನ್ಮಾನ ಯಾಕೆಂದು ತಿಳಿಯಲಿಲ್ಲ. ಮುಂಬಯಿ ಪಕ್ಕದ ಡೊಂಬಿವಲಿಯ ಅವರ ಹೌಸಿಂಗ್ ಸೊಸೈಟಿಯಲ್ಲಿ ಕನ್ನಡದವರೇ ಹೆಚ್ಚು. ಸಭೆ ಸೇರಿದ್ದು ಕೆಳಗಿನ ಪಾರ್ಕಿಂಗಿನಲ್ಲಿ. ಅವಳು ಬಂದದ್ದು ಎದುರು ಫ್ಲ್ಯಾಟಿನ ಮುಕ್ತಾಳ ಪರವಾಗಿ ಎರಡು ಮಾತಾಡಲು. ಮುಕ್ತಾ ಗಂಡನನ್ನು ಬಿಟ್ಟು ಬಂದ ಬಾಡಿಗೆಯವಳು. ಭಾನುವಾರ ಯಾರೋ ಗಂಡಸು ಬಂದು ಊಟ ಮಾಡಿ ಹೋಗುತ್ತಾನೆ, ಅದಕ್ಕೆ ಅವಳನ್ನು ಖಾಲಿ ಮಾಡಿಸಬೇಕಂತೆ.

"ದೀದಿ, ಬೋಲೇಂಗೀ ನಾ?" ಎಂದು ಮುಕ್ತಾ ಮೆಟ್ಟಿಲಲ್ಲೇ ಕೇಳಿದ್ದಳು. ಖಂಡಿತ ಮಾತಾಡುತ್ತೇನೆ ಎಂದಿದ್ದಳು ಶ್ರೀಪ್ರಿಯಾ.

ಸೆಕ್ರೆಟರಿ ಪುಂಡರೀಕಾಕ್ಷ ರಾಯರು ಮೈಕು ಹಿಡಿದರು. ಉಡುಪಿ ಕಡೆಯವರು, ಸ್ಟೇಷನ್ ಹತ್ತಿರ ಹೋಟೆಲು.

"ಮೇಡಂ ನಮ್ಮ ಕನ್ನಡ ಸಂಘದ ಸಂಚಿಕೆಯಲ್ಲಿ ಕತೆ ಬರೆದಿದ್ದಾರೆ. ಅದರಲ್ಲಿ ಸರ್ಕಾರ ಪ್ರತಿಯೊಬ್ಬರ ಟಿವಿಯಲ್ಲಿ ನೆರೆಮನೆಯ ಬಾಗಿಲು ತೋರಿಸ್ತದೆ. ಎಲ್ಲರೂ ಎಲ್ಲರನ್ನೂ ಕಾಯ್ತಾರೆ, ಪೊಲೀಸರೇ ಬೇಡ. ಎಂಥ ಐಡಿಯಾ ಮಾರಾಯ್ರೆ. ನಾವೂ ಪ್ರತಿ ಮಹಡಿಗೆ ಕ್ಯಾಮೆರಾ ಹಾಕಿಸಿದ್ದೇವೆ. ನಾಳೆಯಿಂದ ಎಲ್ಲರ ಟಿವಿಯಲ್ಲೂ ನಮ್ಮ ಮೆಟ್ಟಿಲೇ ಒಂದು ಚಾನೆಲ್."

ಚಪ್ಪಾಳೆಯೋ ಚಪ್ಪಾಳೆ. ಶ್ರೀಪ್ರಿಯಾ ರಾಯರತ್ತ ಬಗ್ಗಿದಳು. "ರಾಯರೇ, ಹಾಗಾಗಬಾರದು ಅಂತ ಬರೆದದ್ದು ಅದು" ಎಂದು ಮೆಲ್ಲಗೆ ಹೇಳಿದಳು. "ಕೊನೆ ಓದಿದ್ರಾ? ತಾಯಿಯೇ ಮಗಳನ್ನ ಹಿಡಿದುಕೊಡ್ತಾಳೆ."

"ಓದದೆ ಉಂಟಾ? ಕಣ್ಣಲ್ಲಿ ನೀರು ಬಂತು. ಶಿಸ್ತು ಅಂದ್ರೆ ಹಾಗಿರ್ಬೇಕು" ಎಂದು ರಾಯರು ಮೈಕನ್ನು ಅವಳ ಕೈಗಿತ್ತರು. "ಎರಡು ಮಾತಾಡಿ."

ಬಾಡಿಗೆಯವರಿಗೆ ಕುರ್ಚಿ ಇಲ್ಲವಾದ್ದರಿಂದ ಮುಕ್ತಾ ಹಿಂದೆ ಸ್ಕೂಟರುಗಳ ನಡುವೆ ನಿಂತಿದ್ದಳು. ಶ್ರೀಪ್ರಿಯಾ ಹೇಳಬೇಕೆಂದಿದ್ದ ಮಾತೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅವಳು ಬರೆದದ್ದಕ್ಕೆ ಇಷ್ಟು ಜನ ಚಪ್ಪಾಳೆ ತಟ್ಟಿದ್ದು ಇದೇ ಮೊದಲು. ಬಾಯಲ್ಲಿ ಕಡುಬು ತುರುಕಿದ ಹಾಗಾಯಿತು. ಥ್ಯಾಂಕ್ಸ್ ಎಂದಳು, ಕೂತಳು. ಮುಕ್ತಾಳನ್ನು ತಿಂಗಳೊಳಗೆ ಖಾಲಿ ಮಾಡಿಸುವ ಠರಾವಿಗೆ ಎಲ್ಲರೂ ಕೈ ಎತ್ತಿದರು. ಶ್ರೀಪ್ರಿಯಾ ಕೈ ಎತ್ತಲಿಲ್ಲ, ಅಷ್ಟೇ.

ಅತ್ತೆ ಶಾಂತಮ್ಮ ಈಗ ಧಾರಾವಾಹಿ ಬಿಟ್ಟು ಮೆಟ್ಟಿಲನ್ನೇ ನೋಡುತ್ತಾರೆ, ಅವರೆಕಾಯಿ ಸುಲಿಯುತ್ತಾ. ಎಂಥ ಹೇಸಿಗೆ ಎಂದು ಬೈದುಕೊಳ್ಳುತ್ತಲೇ ಶ್ರೀಪ್ರಿಯಾಳೂ ಪಕ್ಕದಲ್ಲಿ ಕೂರುತ್ತಾಳೆ. ಮುಕ್ತಾ ಮನೆ ಬಿಡುವ ದಿನ ಪರದೆಯ ಮೇಲೆ ಆ ಭಾನುವಾರದ ಗಂಡಸು ಹಾಸಿಗೆ ಸುರುಳಿ ಹೊತ್ತು ಇಳಿದ. ಹಿಂದೆಯೇ ಮುಕ್ತಾ, ಕೈಯಲ್ಲಿ ಮಿಕ್ಸರ್. ಅವಳು ಇಳಿಯದೆ ಇವರ ಬಾಗಿಲತ್ತ ತಿರುಗಿದಳು. ಮನೆಯ ಗಂಟೆ ಹೊಡೆದುಕೊಂಡಿತು.

"ತೆಗೀಬೇಡ ಕಣೆ" ಎಂದರು ಶಾಂತಮ್ಮ. "ಎಲ್ಲರ ಮನೇಲೂ ಕಾಣತ್ತೆ."

"ದೀದಿ" ಎಂದಿತು ಬಾಗಿಲಾಚೆಯ ದನಿ.

ಮುಚ್ಚಿದ ತನ್ನದೇ ಬಾಗಿಲನ್ನು ಶ್ರೀಪ್ರಿಯಾ ಟಿವಿಯಲ್ಲಿ ನೋಡುತ್ತಾ ಕೂತಳು.