ಕಪ್ಪು ತಟ್ಟೆಯ ಮುತ್ತು

ತಟ್ಟೆಯ ಮುಚ್ಚಳದ ಒಳಮೈಗೆ ನೀರು ಹನಿಗಟ್ಟಿದೆ, ಒರೆಸಬಾರದು, ಕೆಳಗೆ ಬ್ಯಾಕ್ಟೀರಿಯಾ ಬೆಳೆಸಲು ಇದ್ದಿಲು ಬೆರೆಸಿದ ಕಪ್ಪು ಅಗರ್, ಇವತ್ತಿಗೆ ನಾಲ್ಕು ದಿನ — ಬೇರೆ ಬ್ಯಾಕ್ಟೀರಿಯಾ ಆದರೆ ಇಂದು ಬಿತ್ತಿದರೆ ನಾಳೆ ಹಾಜರು, ಇದೊಂದು ಮಹಾ ಸೋಮಾರಿ, ನಮ್ಮ ಭಾವನ ಹಾಗೆ, ಛೆ, ಹಾಗೆನ್ನಬಾರದು, ಪಾಪ, ನಾಲ್ಕು ದಿನದಿಂದ ಮಕ್ಕಳ ವಾರ್ಡಿನ ಬಾಗಿಲು ಬಿಟ್ಟು ಕದಲಿಲ್ಲ ಅವರು. ನಾಯಿಕೆಮ್ಮಾ, ನಾವು ನಾಯೀನೇ ಸಾಕಿಲ್ವಲ್ಲ ಡಾಕ್ಟ್ರೇ, ಅಂದಿದ್ದರು, ನನಗೆ ನಗು ಬಂತು, ನಗು ಕೆಮ್ಮಾಯಿತು, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು. ಮನೇಲಿ ಯಾರಿಗಾದ್ರೂ ಕೆಮ್ಮಿತ್ತಾ, ಡಾಕ್ಟರು ಕೇಳಿದರು, ಯಾರಿಗೂ ಇಲ್ಲ, ನಂದು ಬರೀ ಧೂಳಿಂದು, ಲ್ಯಾಬಿಗೆ ಬಣ್ಣ ಹೊಡೀತಿದಾರಲ್ಲ, ಎಂದವಳು ನಾನೇ, ಹದಿನೆಂಟು ವರ್ಷ ಇದೇ ಮೇಜಿನ ಮುಂದೆ ಕೂತವಳು. ಅಕ್ಕನ ಐದು ವಾರದ ಕೂಸು, ಕೆಮ್ಮಲೇ ಇಲ್ಲ, ನಾಯಿಕೆಮ್ಮಿನ ಆ ಊಳಿಡುವ ಉಸಿರು ಎಳೆಯಲು ಅದಕ್ಕೆ ಶಕ್ತಿ ಎಲ್ಲಿ, ಸುಮ್ಮನೆ ಉಸಿರು ನಿಲ್ಲಿಸಿ ತುಟಿ ನೀಲಿಯಾಯಿತು, ಔಷಧಿ ಶುರುವಾಗಿದೆ, ಆದರೂ ನಿನ್ನೆ ಮತ್ತೆ ಎರಡು ಸಲ ನಿಂತಿತು. ಅಕ್ಕ ನನ್ನ ಕೈ ಹಿಡಿದುಕೊಂಡು, ಯಾರಿಂದ ಬಂತು ಅಂತ ನಿಂಗೆ ಗೊತ್ತಾಗುತ್ತಲ್ಲ, ಹೇಳು, ಸಿಕ್ಕಲಿ ಅವರು, ಸುಮ್ನೆ ಬಿಡಲ್ಲ — ಹೇಳ್ತೀನಿ ಕಣೇ ಅಂದೆ.

ಎರಡನೆಯ ತಟ್ಟೆ ತಮಾಷೆಗೆ ಇಟ್ಟದ್ದು. ನಮ್ಮ ಲ್ಯಾಬಿನ ಹಿರಿಯಳು, ಎಲ್ಲರೂ ದೊಡ್ಡಮ್ಮ ಎನ್ನುತ್ತೇವೆ, ಕೂಸಿನ ಮೂಗಿನ ದ್ರವ ನಾನು ತಟ್ಟೆಗೆ ಸವರುವಾಗ ನನ್ನನ್ನೇ ನೋಡಿ, ಇಷ್ಟು ಕೆಮ್ತೀಯಲ್ಲೇ, ಬಾಯಿಗೂ ಒಂದು ತಟ್ಟೆ ಹಿಡ್ಕೋ, ನಮ್ಮ ಕಾಲದಲ್ಲಿ ಹಾಗೇ ಪತ್ತೆ ಮಾಡ್ತಿದ್ವಿ, ಎಂದಳು, ಹಿಡಿದೆ, ಕೆಮ್ಮಿದೆ, ಮುಚ್ಚಳದ ಮೇಲೆ ಚಿಕ್ಕಮ್ಮ ಎಂದು ಬರೆದು ಕೂಸಿನ ತಟ್ಟೆಯ ಪಕ್ಕ ಇಟ್ಟೆ, ಇಬ್ಬರೂ ನಕ್ಕೆವು. ದಿನಾ ಬೆಳಗ್ಗೆ ಅವಳದು ಒಂದೇ ಪ್ರಶ್ನೆ, ಮುತ್ತು ಬಂತೇನೇ, ಈ ಬ್ಯಾಕ್ಟೀರಿಯಾ ಗುಂಪುಗಟ್ಟಿದರೆ ಪಾದರಸದ ಹನಿಯಂತೆ ಎಂದಿದೆ ಪುಸ್ತಕದಲ್ಲಿ, ಅವಳಿಗೆ ಮಾತ್ರ ಮುತ್ತು. ಈಗ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಿದ್ದೇನೆ, ಕೂಸಿನ ತಟ್ಟೆಯಲ್ಲಿ ಹನ್ನೊಂದು, ಸಾಸಿವೆಗಿಂತ ಸಣ್ಣವು, ದುಂಡಗೆ, ಹೊಳೆಯುತ್ತ, ಚಿಕ್ಕಮ್ಮನ ತಟ್ಟೆಯಲ್ಲೂ ಅವೇ, ಎಣಿಸಲಾರೆ, ಸ್ಲೈಡಿಗೆ ಬಣ್ಣ ಹಾಕುವ ಮೊದಲೇ ಗೊತ್ತು ನನಗೆ — ಬಾಗಿಲಲ್ಲಿ ದೊಡ್ಡಮ್ಮನ ಚಪ್ಪಲಿ ಸದ್ದು, ಬಂತೇನೇ — ಎರಡು ವಾರದ ಹಿಂದೆ, ಕೂಸು ನನ್ನ ಮಡಿಲಲ್ಲಿ ಮಲಗಿ ಆಕಳಿಸಿತು, ಅಷ್ಟಗಲ ಬಾಯಿ, ನನಗೆ ತಡೆಯಲಾಗಲಿಲ್ಲ, ಅಕ್ಕಾ, ಮೂಗಿನ ತುದಿಗೆ, ಕೊಟ್ಟದ್ದು ಒಂದೇ, ಒಂದೇ ಒಂದು ಮುತ್ತು.